ಮೈಕಿನಲ್ಲಿ ಕರೆದ ಊಟ

ನಮ್ಮಣ್ಣ ಪಿಟಿ ಮೇಷ್ಟ್ರು. ತಾಲ್ಲೂಕು ಕ್ರೀಡಾಕೂಟಗಳನ್ನು ನಡೆಸಿ ನಡೆಸಿ, ಜನ ಎಲ್ಲಿ ಸೇರಿದರೂ ಸಾಲಾಗಿ ನಿಲ್ಲಿಸಿಬಿಟ್ಟರೆ ಮುಗಿಯಿತು ಎಂಬ ಜ್ಞಾನ ಅವನಿಗೆ ಬಂದುಬಿಟ್ಟಿದೆ. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಮುಳ್ಳೂರಿನ ಮನೆಗೆ ಅವನೇ ಯಜಮಾನ. ಹಾಗಾಗಿ ತಂಗಿಯ ಮದುವೆಯಾದ ವಾರಕ್ಕೆ ನಮ್ಮ ಕಡೆಯಿಂದ ಹಾಕಬೇಕಾದ ಬೀಗರ ಊಟಕ್ಕೂ ಅವನದೇ ಯೋಜನೆ. ಹೇಳಿದರೆ ಕೇಳುವ ಕಿವಿ ಆ ತಲೆಗಿಲ್ಲ.

ಉದ್ದೇಶ ಒಳ್ಳೆಯದೇ, ಒಪ್ಪುತ್ತೇನೆ. ನನ್ನ ಮದುವೆಯ ಬಾಡೂಟದಲ್ಲಿ ಉಣ್ಣುವವರ ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿದ್ದರು. ಆ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ನನ್ನ ಅತ್ತೆಯ ಎಲೆಯ ಮೇಲೆ ಬಿತ್ತು. ಯಳಂದೂರಿನ ನನ್ನ ಗಂಡನ ಮನೆಯಲ್ಲಿ ಅದನ್ನು ಇನ್ನೂ ಆಡಿಕೊಳ್ಳುತ್ತಾರೆ. ತಂಗಿಗೆ ಅಂಥ ಮಾತು ಬರಬಾರದೆಂದು ಅಣ್ಣ ಕೊಳ್ಳೇಗಾಲದ ಛತ್ರದಲ್ಲಿ ಪಂಕ್ತಿಯನ್ನೇ ತೆಗೆದುಹಾಕಿ ಬಫೆ ಇಡಿಸಿದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ.

ನಮ್ಮ ಸೀಮೆಯಲ್ಲಿ ಬೀಗರು ತಾವಾಗಿ ಊಟಕ್ಕೆ ಏಳುವುದಿಲ್ಲ. ಮನೆಯ ಯಜಮಾನ ಎದುರಿಗೆ ಬಂದು, ಕೈಮುಗಿದು, "ಊಟಕ್ಕೆ ಏಳಿ" ಅನ್ನಬೇಕು. ಅಣ್ಣನಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಪಂಕ್ತಿಯಿದ್ದಿದ್ದರೆ ಕರೆಯುತ್ತಿದ್ದ. ಬಫೆಗೆ ಕರೆಯುವುದೇನು, ಹಸಿದವರು ತಟ್ಟೆ ತೆಗೆದುಕೊಳ್ಳುತ್ತಾರೆ ಎಂದುಕೊಂಡ. ಮೈಕು ಹಿಡಿದು, "ಊಟ ಸಿದ್ಧವಾಗಿದೆ, ಎಲ್ಲರೂ ಶಿಸ್ತಿನಿಂದ ಬಡಿಸಿಕೊಳ್ಳಬೇಕಾಗಿ ವಿನಂತಿ" ಎಂದು ಘೋಷಿಸಿದ.

ನಮ್ಮವರು ಮುಗಿಬಿದ್ದರು. ಅಜ್ಜೀಪುರದಿಂದ ಬಸ್ಸು ಮಾಡಿಕೊಂಡು ಬಂದಿದ್ದ ಬೀಗರು ಮಾತ್ರ ಕುರ್ಚಿ ಬಿಟ್ಟು ಅಲುಗಲಿಲ್ಲ. ಅದನ್ನು ಕಂಡ ಅಣ್ಣನಿಗೆ ಹಿಗ್ಗೋ ಹಿಗ್ಗು.

"ನೋಡವ್ವ, ನೂಕಾಟ ಇಲ್ಲ, ತಳ್ಳಾಟ ಇಲ್ಲ. ಬೀಗ್ರು ಎಷ್ಟು ನೆಮ್ಮದಿಯಾಗಿ ಕುಂತವ್ರೆ!"

"ಓಗಿ ಕರಿ ಅಣ್ಣ, ಅವ್ರು ನಿಂಗೇ ಕಾಯ್ತಾವ್ರೆ," ಎಂದೆ.

"ಮೈಕಲ್ಲಿ ಕೂಗಿದ್ನಲ್ಲ," ಎಂದವನು ಸಾಲು ಸರಿಮಾಡಲು ಹೋದ.

ನಾನೇ ಕರೆಯೋಣವೆಂದರೆ, ಕೊಟ್ಟ ಹೆಣ್ಣು. ತವರಿನ ಪರವಾಗಿ ಬೀಗರನ್ನು ಕರೆಯುವ ಹಕ್ಕು ನನಗಿಲ್ಲ. ಅಷ್ಟರಲ್ಲಿ ವೇದಿಕೆಯ ಮೇಲಿದ್ದ ತಂಗಿ ತಡೆಯಲಾರದೆ ಇಳಿದು ಬಂದಳು. ಮುಖ ಕಪ್ಪಿಟ್ಟಿತ್ತು. ನಾಳೆ ಆ ಮನೆಯಲ್ಲಿ ಬಾಳಬೇಕಾದವಳು ಅವಳು, ನಮ್ಮಣ್ಣನಲ್ಲ. ತನ್ನ ಅತ್ತೆಯ ಮುಂದೆ ಕೈಮುಗಿದು, "ಊಟಕ್ಕೆ ಏಳಿ ಅತ್ತೆ" ಎಂದಳು.

ಆಕೆ ಗದರಲಿಲ್ಲ. "ನೀ ಈಗ ನಮ್ಮನೆಯವಳು ಕಣವ್ವ, ನೀ ಕರುದ್ರೆ ಆದದಾ? ಮೈಕು ಕೂಗುದ್ರೆ ಎದ್ದೋಗಕ್ಕೆ ನಾವೇನು ಸಂತೆಗೆ ಬಂದಿದ್ದೀವಾ? ಬಾ, ಕುತ್ಕೊ," ಎಂದು ಪಕ್ಕದ ಕುರ್ಚಿ ತೋರಿಸಿದರು. ತಂಗಿ ಕುಳಿತಳು. ಎದುರಿಗೇ ಅವಳ ತವರಿನವರೆಲ್ಲ ಮೂಳೆ ಚೀಪುತ್ತಿದ್ದರು.

ನನಗೆ ಮೈಯೆಲ್ಲ ಉರಿಯಿತು. ಅಣ್ಣನ ಕೈಯಿಂದ ಮೈಕು ಕಿತ್ತು ಇಟ್ಟು, ರಟ್ಟೆ ಹಿಡಿದು ಎಳೆತಂದೆ. ಬೀಗಿತ್ತಿಯ ಮುಖ ನೋಡಿದ ಮೇಲೆ ಅವನ ಶಿಸ್ತಿನ ಭಾಷೆಯೆಲ್ಲ ಎಲ್ಲಿ ಹೋಯಿತೋ. "ತಪ್ಪಾಯ್ತು ಕಣ್ರವ್ವ, ಊಟಕ್ಕೆ ಏಳಿ," ಎಂದು ಕೈಮುಗಿದ. ಅವರು ಸೆರಗು ಸರಿಮಾಡಿಕೊಂಡು ಎದ್ದರು. ಹಿಂದೆಯೇ ಬೀಗರೆಲ್ಲ ಎದ್ದರು. ಪಾತ್ರೆಗಳಲ್ಲಿ ಸಾರು ಧಾರಾಳವಾಗಿತ್ತು, ಬಾಡು ಅಷ್ಟಕ್ಕಷ್ಟೆ.

ತಂಗಿ ಮಾತ್ರ ಏಳಲಿಲ್ಲ.

"ನೀನ್ಯಾಕ್ ಕುಂತಿದ್ದೀಯೇ? ಓಗು, ತಟ್ಟೆ ತಕೊ," ಎಂದ ಅಣ್ಣ.

"ನನ್ನ ಇನ್ನೂ ಕರ್ದಿಲ್ವಲ್ಲ ಅಣ್ಣ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ತಮಾಷೆಗೂ ಹೇಳಲಿಲ್ಲ. ಅಣ್ಣ ನನ್ನ ಕಡೆ ತಿರುಗಿದ. ನಾನು ಅವನ ನೆರವಿಗೆ ಹೋಗಲಿಲ್ಲ. ಬುದ್ಧಿವಂತನಲ್ಲವೇ, ಅವನೇ ನೋಡಿಕೊಳ್ಳಲಿ. ಕೊನೆಗೆ ಅಣ್ಣ, ತಾನೇ ಎತ್ತಿ ಆಡಿಸಿದ ತಂಗಿಗೆ ಕೈಮುಗಿದು, "ಊಟಕ್ಕೆ ಏಳವ್ವ" ಎಂದ. ಅವಳು ಎದ್ದು ಅತ್ತೆಯ ಹಿಂದೆ ಹೋದಳು.