ಖಾಲಿ ಬಿಡಬೇಕಿದ್ದ ಗುಂಡಿಗಳು

ಇದನ್ನು ಬರೆಯಲೆಂದು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ. ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗ ನಾನು ಗುಬ್ಬಿ ತಾಲ್ಲೂಕಿನಲ್ಲಿ ಅರಣ್ಯ ಇಲಾಖೆಯ ಒಂದು ನರ್ಸರಿಯಲ್ಲಿ ವಾಚರ್. ಕುಣಿಗಲ್ ಕಡೆಯ ಹುಡುಗಿಯೊಬ್ಬಳು ಹಿಪ್ಪೆ ಮರಗಳ ಮೇಲೆ ಪಿಎಚ್‌ಡಿ ಮಾಡಲು ಅಲ್ಲಿಗೆ ಬಂದಳು.

ಅವಳು ಹುತ್ರಿದುರ್ಗದ ತಪ್ಪಲಲ್ಲಿ ಗುಂಪಾಗಿದ್ದ ಮರಗಳಿಂದಲೂ ಕಡಬದ ಹೊಲಗಳ ಒಂಟಿ ಮರಗಳಿಂದಲೂ ಬೀಜ ತಂದಿದ್ದಳು. ಗುಂಪಿನಲ್ಲಿ ಬಾವಲಿಗಳು ಒಂದು ಮರದ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತವೆ. ಇದಕ್ಕೆ ಜೀನ್ ಫ್ಲೋ ಅನ್ನುತ್ತಾರೆ. ಒಂಟಿ ಮರಕ್ಕೆ ಆ ನೆಂಟಸ್ತಿಕೆ ಕಡಿಮೆ, ಬಹುಪಾಲು ತನ್ನ ಪರಾಗವೇ ತನಗೆ. ಅಂಥ ಬೀಜದ ಸಸಿ ಬಡಕಲಾಗುತ್ತದೆಯೇ ಎಂದು ಅವಳು ನೋಡಬೇಕಿತ್ತು. ಒಂದೊಂದು ತಾಯಿಮರದ ಸಸಿಗಳನ್ನು ಒಂದೊಂದು ಸಾಲಿನಲ್ಲಿ ನೆಟ್ಟೆವು.

ಓದುತ್ತಿದ್ದ ತುಮಕೂರಿಂದ ಬಂದು ಬಸ್ಸಿಳಿದವಳೇ, "ಅಣ್ಣ, ನನ್ ಮಕ್ಳು ಹೆಂಗವ್ರೆ?" ಅನ್ನುವಳು.

"ಮಕ್ಳು ಚೆನ್ನಾಗವ್ರೆ, ತಾಯಿನೇ ಸೊರಗವ್ಳೆ. ಮೊದ್ಲು ಊಟ ಮಾಡವ್ವ."

ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನಗೆ ಹಾಕಿಯೇ ಅವಳು ತಿನ್ನುತ್ತಿದ್ದುದು.

ಒಂದು ಬೇಸಿಗೆಯಲ್ಲಿ ಟೈಫಾಯಿಡ್ ಆಗಿ ಅವಳು ಬಹಳ ದಿನ ಬರಲಿಲ್ಲ. ಅದೇ ಹೊತ್ತಿಗೆ ಒಂಟಿ ಮರಗಳ ಸಾಲುಗಳಲ್ಲಿ ಸಸಿಗಳು ಒಣಗತೊಡಗಿದವು. ಸತ್ತ ಸಸಿಯ ಜಾಗಕ್ಕೆ ಬೇರೆ ಸಸಿ ಇಡುವುದು ನಮ್ಮ ವಾಡಿಕೆ. ಗುಂಡಿ ಖಾಲಿ ಕಂಡರೆ ಸಾಹೇಬರು ಬೈಯುತ್ತಿದ್ದರು. ಜೊತೆಗೆ, ಕಾಯಿಲೆಯಿಂದ ಎದ್ದುಬರುವ ಹುಡುಗಿ ಒಣಗಿದ ಸಾಲು ನೋಡಿ ಕಣ್ಣೀರು ಹಾಕುವುದು ಬೇಡ ಅನ್ನಿಸಿತು. ಹುತ್ರಿದುರ್ಗದ ಬೀಜದಿಂದ ಎಬ್ಬಿಸಿ ಉಳಿದಿದ್ದ ಸಸಿಗಳನ್ನು ಅಲ್ಲಿಟ್ಟು ನೀರು ಹಾಕಿದೆ. ಒಂಟಿ ಮರದ ಸಸಿಗಳು ಸಾಯುತ್ತವೋ ಇಲ್ಲವೋ ಎಂಬುದೇ ಅವಳ ಪ್ರಶ್ನೆ ಎನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ.

ಬಂದವಳು ಹಸಿರು ಸಾಲು ನೋಡಿ ನಕ್ಕಳು. ಆಮೇಲೆ ಎಲೆಗಳ ಡಿಎನ್‌ಎ ಪರೀಕ್ಷೆಯಾಯಿತು. ಆ ಸಾಲುಗಳಲ್ಲಿ ಎಷ್ಟೋ ಸಸಿಗಳು ಆಯಾ ತಾಯಿಮರದವೇ ಅಲ್ಲ ಎಂದು ಬಂತು. ಅವಳ ಗೈಡ್ ನರ್ಸರಿಗೇ ಬಂದರು.

"ಬೀಜ ಬೇರೆಬೇರೆ ಇಡೋಕೂ ಬರಲ್ವೇನಮ್ಮ ನಿಂಗೆ? ಈ ಪ್ಲಾಟ್ ಲೆಕ್ಕಕ್ಕಿಲ್ಲ."

ನಾನು ನೀರಿನ ಪೈಪು ಹಿಡಿದು ಅಲ್ಲೇ ನಿಂತಿದ್ದೆ. ಬದಲಿಸಿದ್ದು ಯಾವ ಸಸಿ ಎಂದು ಆಗಲೇ ತೋರಿಸಿದ್ದರೆ, ಆ ಗುಂಡಿಗಳನ್ನು ಸತ್ತ ಸಸಿಯ ಲೆಕ್ಕಕ್ಕೆ ಹಾಕಿಕೊಂಡು ಅವಳ ಕೆಲಸ ಉಳಿಯುತ್ತಿತ್ತು. ಪಿಂಚಣಿ ಹತ್ತಿರವಿತ್ತು, ಹೆದರಿದೆ. ಅವರು ಹೋದ ಮೇಲೆ ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು: "ನಾನೇ ಎಲ್ಲೋ ಬೆರೆಸ್ಬುಟ್ಟಿದ್ದೀನಿ. ನೀನ್ಯಾಕೆ ಸಪ್ಪಗಿದ್ದೀಯ, ಬುಡು ಅಣ್ಣ."

ಪಿಎಚ್‌ಡಿ ಅಲ್ಲಿಗೇ ನಿಂತಿತು. ಈಗ ಯಾವುದೋ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳಂತೆ.

ಪ್ರೀತಿಯಿಂದಲೇ ಆಗಲಿ, ಇನ್ನೊಬ್ಬರ ಕೆಲಸದಲ್ಲಿ ಕೈಯಾಡಿಸಿದರೆ ಅವತ್ತೇ ಹೇಳಿಬಿಡಬೇಕು. ನೌಕರಿ ನನಗೆ ಕಲಿಸಿದ್ದು ಇದು, ಕಲಿತದ್ದು ತಡವಾಗಿ. ನಿನ್ನ ಆ ಸಸಿಗಳನ್ನು ಬದಲಿಸಿದವನು ನಾನು, ರೇಣುಕಾ.