ದೊರೆಯ ಎರಡನೆಯ ಗದ್ದ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓರ್ಸೊಲಾ ಕುಲುಮೆಯ ಬಾಗಿಲಲ್ಲಿ ಕೂತು, ಅಂಗೈ ಶಾಖಕ್ಕೆ ಮೆದುವಾದ ಮೇಣವನ್ನು ಕಲ್ಲುಹಲಗೆಯ ಮೇಲಿನ ದೊರೆಯ ಮೇಣದ ಮುಖದ ಕುತ್ತಿಗೆಗೆ ಮೆತ್ತುತ್ತಿದ್ದಾಳೆ. ನಿನ್ನೆ ಅರಮನೆಯ ಮಾತು ಕೇಳಿ ಕೆರೆದು ತೆಗೆದ ಎರಡನೆಯ ಗದ್ದವನ್ನೇ ಇವತ್ತು ಮತ್ತೆ ಕೂರಿಸುವ ಕೆಲಸ.

"ಇದನ್ನ ಬೆಳೆಸೋಕೆ ಅವರಿಗೆ ಇಪ್ಪತ್ತು ವರ್ಷ ಬೇಕಾಯ್ತು. ನಾನು ಒಂದೇ ಬೆಳಿಗ್ಗೆ ಕರಗಿಸಬೇಕಂತೆ," ಎಂದು ಗೊಣಗುತ್ತಾಳೆ.

ಪೋ ನದಿಯ ದಂಡೆಯ ಈ ಊರಿನ ದೊರೆಯನ್ನು ಪರವೂರಿನವರು ನೋಡುವುದು ಅಂಗೈಯಗಲದ ಕಂಚಿನ ಬಿಲ್ಲೆಯಲ್ಲೇ. ಅದರ ಅಂಚಿಗೆ ದೊರೆಯ ಹೆಸರಿರುತ್ತದೆ, ಅರಮನೆಯ ಚಿತ್ರಕಾರನದೂ ಇರುತ್ತದೆ. ಗಂಡ ಸತ್ತ ಹನ್ನೊಂದು ವರ್ಷದಿಂದ ಮೇಣ ತಿದ್ದಿ ಕಂಚು ಹೊಯ್ಯುತ್ತಿರುವ ಓರ್ಸೊಲಾಳದು ಎಲ್ಲೂ ಇಲ್ಲ. ಎಂಟು ಅಚ್ಚಿಗೆ ಹೊಯ್ದರೆ ನೆಟ್ಟಗೆ ಬರುವುದು ಮೂರು. ಹಿಂಬದಿಯ ಸಿಂಹವನ್ನು ಅವಳು ಪಕ್ಕದ ಕಟುಕನ ನಾಯಿ ನೋಡಿ ಮಾಡಿದ್ದು. "ಅದಕ್ಕೆ ಯಾರದೂ ತಕರಾರಿಲ್ಲ. ಸಿಂಹ ಕಂಡವರಿದ್ದರೆ ತಾನೆ."

ಈ ಸಲದ ಬಿಲ್ಲೆ ಹೋಗುವುದು ಬೆಟ್ಟದಾಚೆಯ ಹದಿನಾರರ ಹುಡುಗಿಗೆ, ದೊರೆಯ ಎರಡನೆಯ ಮದುವೆಗೆ. ಮೊದಲನೆಯವಳಿಗೂ ಹೀಗೇ ಒಂದು ಹೋಗಿತ್ತು. ದೋಣಿಯಿಂದಿಳಿದ ಆ ಹುಡುಗಿ ಕೈಯಲ್ಲಿದ್ದ ಬಿಲ್ಲೆ ನೋಡಿ, ಎದುರು ನಿಂತವರನ್ನು ನೋಡಿ, ದೊರೆಯನ್ನು ಬಿಟ್ಟು ತೆಳ್ಳಗಿದ್ದ ಲಾಯದ ಮೇಲ್ವಿಚಾರಕನಿಗೆ ಮಂಡಿಯೂರಿದಳು. ದಂಡೆಗೆ ದಂಡೆಯೇ ನಕ್ಕಿತು.

"ನಾನು ನಗಲಿಲ್ಲ. ಆ ಗದ್ದ ಕೆರೆದವಳು ನಾನೇ. ಸಾಯೋವರೆಗೂ ಆ ಮಗು ಯಾರ ಮುಖಾನೂ ನೆಟ್ಟಗೆ ನೋಡಲಿಲ್ಲ."

ಬಿಸಿಲೇರುವ ಹೊತ್ತಿಗೆ ಅರಮನೆಯ ಕಾರ್ಯದರ್ಶಿ ತದ್ದೇವೊ ಬರುತ್ತಾನೆ, ಈ ವಾರದಲ್ಲಿ ನಾಲ್ಕನೆಯ ಸಲ.

"ಮತ್ತೆ ಅಂಟಿಸಿದೆಯಾ? ಎಷ್ಟು ಹೇಳಿದ್ದೀನಿ, ತಾಯಿ."

"ಇನ್ನೂ ಕೆರೆದರೆ ದೊರೆಗೆ ಗಂಟಲೇ ಉಳಿಯಲ್ಲ, ಸ್ವಾಮಿ. ಊಟ ಎಲ್ಲಿ ಇಳೀಬೇಕು?"

"ದೊರೆ ಅಂದರೆ ಹೇಗಿರಬೇಕೋ ಹಾಗೆ ಕಾಣಬೇಕು."

"ಅದನ್ನ ಅವರಿಗೇ ಹೇಳಿ. ನನಗ್ಯಾಕೆ?"

"ಊರಲ್ಲಿ ಇನ್ನೊಂದು ಕುಲುಮೆ ಇದೆ, ನೆನಪಿರಲಿ."

ಓರ್ಸೊಲಾ ಪಕ್ಕದ ಮಡಕೆಯಿಂದ ನುಣ್ಣನೆಯ ಜೇಡಿಮಣ್ಣು ತೆಗೆದು ಮೇಣದ ಮುಖಕ್ಕೆ ಬಳಿಯತೊಡಗುತ್ತಾಳೆ, ಮೊದಲು ಗದ್ದಕ್ಕೆ. ಅಚ್ಚು ಒಣಗಿ ಬೆಂಕಿಗೆ ಹೋದರೆ ಮೇಣ ಕರಗಿ ಹರಿದುಹೋಗುತ್ತದೆ, ಆಮೇಲೆ ಕೆರೆಯಲು ಏನೂ ಇರುವುದಿಲ್ಲ. ಕಂಚು ಕೈಕೊಟ್ಟರೆ ಮುಖವೂ ಇಲ್ಲ, ಬಹುಶಃ ಅರಮನೆಯ ಕೆಲಸವೂ ಇಲ್ಲ. ತದ್ದೇವೊ ತಡೆಯಲು ಕೈ ಚಾಚುವಷ್ಟರಲ್ಲಿ ಗದ್ದ ಮಣ್ಣಿನಡಿ ಸೇರಿದೆ.

ನಾಲ್ಕನೆಯ ದಿನ ಅವಳು ಅಚ್ಚು ಒಡೆಯುತ್ತಾಳೆ. ಗದ್ದ ಎರಡೂ ಬಂದಿವೆ, ಮೇಲಿನದರ ನರೂಲಿಯೂ ಸೇರಿ. ಹೆಬ್ಬೆರಳಿಂದ ಬೂದಿ ಒರೆಸುತ್ತಾಳೆ.

"ಇಳಿದ ತಕ್ಷಣ ಆ ಹುಡುಗಿಗೆ ಇವನೇ ಅಂತ ಗುರುತು ಸಿಕ್ಕರೆ ನನಗೆ ಸಾಕು. ವಾಪಸ್ ದೋಣಿ ಹತ್ತೋದಾದರೂ, ಗೊತ್ತಿದ್ದೇ ಹತ್ತಲಿ."