ಸೀಲ್‌ನ ಕಣ್ಣಿನ ಪಾಠ ಮಾಡಿದ ಅಕ್ಕೋರು

ಕಳೆದ ತಿಂಗಳು ಚಶ್ಮಾ ಬದಲಿಸಲು ಹೋದಾಗ ಅಂಗಡಿಯವನು ಸಣ್ಣ ಸಣ್ಣ ತೂತುಗಳಿದ್ದ ಕರಿ ತಟ್ಟೆಯೊಂದನ್ನು ನನ್ನ ಕಣ್ಣಿಗೆ ಹಿಡಿದ. ಮಸುಕಾಗಿದ್ದ ಅಕ್ಷರಗಳು ಒಮ್ಮೆಲೇ ತಿಳಿಯಾದವು. ಆ ಗಳಿಗೆ ನಮ್ಮ ವಿಜ್ಞಾನದ ಅಕ್ಕೋರು ನೆನಪಾದರು...

ತೊಂಬತ್ತರ ದಶಕದ ಮಾತು. ಬಸವಕಲ್ಯಾಣದ ನಮ್ಮ ಹೈಸ್ಕೂಲಿಗೆ ಅವರು ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂತರೂ ನನಗೆ ಬೋರ್ಡು ಕಾಣುತ್ತಿರಲಿಲ್ಲ. ನನ್ನ ಸೋದರತ್ತೆಗೆ ಇದೇ ವಯಸ್ಸಿನಲ್ಲಿ ಕಣ್ಣು ಮಂಜಾಗುತ್ತ ಹೋಗಿ ಕೊನೆಗೆ ಪೂರ್ತಿ ಕತ್ತಲಾಗಿತ್ತು. ನನಗೂ ಅದೇ ಗತಿ ಎಂದು ಅಪ್ಪ ಒಳಗೊಳಗೇ ಕುಗ್ಗಿದ್ದರು. ಪರೀಕ್ಷೆ ಮುಗಿದ ಮೇಲೆ ಶಾಲೆ ಬಿಡಿಸುವುದೆಂದು ಮನೆಯಲ್ಲಿ ಮಾತಾಗಿತ್ತು.

ಒಂದು ದಿನ ಅಕ್ಕೋರು ಕಡಲಿನ ಪ್ರಾಣಿಗಳ ಪಾಠ ಮಾಡಿದರು. ಸಮುದ್ರವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ನಾವು ಬಾವಿಯಲ್ಲಿ ಮುಳುಗಿ ಕಣ್ಣು ಬಿಟ್ಟರೆ ಎಲ್ಲ ಕದಡಿದಂತೆ ಕಾಣುತ್ತದೆ. ಕಡಲಲ್ಲೂ ದಡದಲ್ಲೂ ಬದುಕುವ ಸೀಲ್ ಎಂಬ ಪ್ರಾಣಿಯ ಕಣ್ಣಿನ ಮಸೂರ ಚೆಂಡಿನಂತೆ ಗುಂಡಗಿರುವುದರಿಂದ ಅದಕ್ಕೆ ನೀರೊಳಗೆ ಚೆನ್ನಾಗಿ ಕಾಣುತ್ತದೆ ಎಂದರು. ದಡಕ್ಕೆ ಬಂದರೆ ಅದೇ ಕಣ್ಣಿಗೆ ದೂರದ್ದು ಮಸುಕಾಗಬೇಕು. ಆದರೆ ಬಿಸಿಲಿಗೆ ಅದರ ಪಾಪೆ ಸೂಜಿತೂತಿನಷ್ಟು ಕಿರಿದಾಗುತ್ತದೆ, ಆಗ ದೂರದ್ದೂ ಕಾಣುತ್ತದೆ. ಅದನ್ನು ತೋರಿಸಲು ಒಂದು ರಟ್ಟಿಗೆ ಪಿನ್ನು ಚುಚ್ಚಿದರು. ನಾನು ಕಣ್ಣು ಕಿರಿದು ಮಾಡಿ ನೋಡುವುದನ್ನು ಗಮನಿಸಿದ್ದರೇನೋ, ನನ್ನ ಕೈಗೇ ಕೊಟ್ಟರು.

"ಇದರಾಗಿಂದ ಬೋರ್ಡ್ ನೋಡವ್ವ."

ನೋಡಿದೆ. "ಎಲ್ಲಾ ಕಾಣಾಕತ್ತದ್ರಿ ಅಕ್ಕೋರೆ," ಎಂದೆ.

ಅಂದು ಸಂಜೆ ಅವರು ಊರಿಗೆ ಹೋಗುವ ಮೊದಲು ನಮ್ಮ ಮನೆಗೆ ಬಂದರು.

"ನಮ್ಮ ತಂಗಿಗೂ ಹಿಂಗೇ ಶುರುವಾಗಿತ್ರಿ," ಎಂದರು ಅಪ್ಪ.

"ಇದು ಆ ಬ್ಯಾನಿ ಅಲ್ಲ ಅನಸ್ತದ್ರಿ. ತೂತಿನಾಗಿಂದ ಕಂಡ್ರ ಚಶ್ಮಾದಾಗೂ ಕಾಣ್ತದ. ನಾಳೆ ಹುಮನಾಬಾದಕ್ಕ ಕರಕೊಂಡು ಬರ್ರಿ, ಡಾಕ್ಟರಿಗೆ ತೋರಸೋಣು."

ಡಾಕ್ಟರೂ ಅದನ್ನೇ ಹೇಳಿದರು. ಅಪ್ಪ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು ಮುಖ ಒರೆಸಿಕೊಂಡರು. ಬಹಳ ಹೊತ್ತು ಏಳಲೇ ಇಲ್ಲ. ಆಮೇಲೆ, "ಭಜಿ ತಿಂತಿಯೇನವ್ವ?" ಎಂದು ಕೇಳಿದರು. ಶಾಲೆ ಬಿಡಿಸುವ ಮಾತು ಮತ್ತೆ ಬರಲಿಲ್ಲ.

ಮರುವರ್ಷ ಅಕ್ಕೋರಿಗೆ ವರ್ಗವಾಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ, ತಡವಾದ ಬಸ್ಸಿಗೆ ನಾನು ಕಾಯುತ್ತಿದ್ದಾಗ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನೂ ಈಗ ಶಾಲೆಯಲ್ಲಿ ಕಲಿಸುತ್ತೇನೆಂದೂ, ಅವರು ಅಂದು ಮನೆಗೆ ಬರದಿದ್ದರೆ ಇದಾಗುತ್ತಿರಲಿಲ್ಲವೆಂದೂ ಹೇಳಿದೆ. ಅವರು ನನ್ನ ಚಶ್ಮಾ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿದರು. "ಇಷ್ಟು ಹೊಲಸ್ ಇಟ್ಕೊಂಡ್ರ ಏನ್ ಕಾಣ್ತದವ್ವ," ಎಂದು ನಕ್ಕರು.

ಅದೇ ಕೊನೆಯ ಭೇಟಿ. ಅವರು ತೀರಿಹೋದ ಸುದ್ದಿ ನನಗೆ ಬಹಳ ತಡವಾಗಿ ತಿಳಿಯಿತು... ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕ ದಿನ ನನ್ನ ಬಸ್ಸು ಹೊತ್ತಿಗೆ ಸರಿಯಾಗಿ ಬಾರದಿದ್ದುದೇ ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ. ಹೇಳಬೇಕಾದ್ದನ್ನು ಅವರಿಗೆ ಹೇಳಿ ಮುಗಿಸಿದ್ದೆ.